ಕಡಲೊಡತಿ ಕನ್ಯೆಯಾದ ಬಗೆ

ಈ ಹೊತ್ತು ನಾನು ಮಾತನಾಡಹೊರಟಿರುವುದು ಒಂದೇ ಒಂದು ಶಬ್ದವನ್ನು ಕುರಿತು. ಡೆನ್ಮಾರ್ಕಿನವರೂ ನಾರ್ವೆಯವರೂ ಮತ್ಸ್ಯಕನ್ಯೆಗೆ ಬಳಸುವ ಶಬ್ದ ಅದು. ಬರೆಯುವಾಗ ಎರಡು ದೇಶದವರೂ ಅದನ್ನು ಒಂದೇ ರೀತಿಯಲ್ಲಿ ಬರೆಯುತ್ತಾರೆ. ನುಡಿಯುವಾಗ ಮಾತ್ರ ನಾರ್ವೆಯವರು ‘ಹಾವ್‌ಫ್ರೂಎ’ ಎನ್ನುತ್ತಾರೆ. ಡೇನರ ನಾಲಗೆಯ ಮೇಲೆ ನಡುವಣ ವಕಾರ ಕರಗಿ ಅದು ‘ಹೌಫ್ರೂಎ’ ಎಂಬಂತೆ ಕೇಳಿಸುತ್ತದೆ. ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಲ್ಲಿ, ಬತ್ತದ ಗದ್ದೆಗಳ ನಡುವೆ ಕುಳಿತವನಿಗೆ ಉತ್ತರ ಸಮುದ್ರದ ಈ ಶಬ್ದದ ಗೊಡವೆ ಏಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಿ ಕಡಲಿಲ್ಲ, ಇರುವುದು ತುಂಗಭದ್ರೆಯ ಎಡದಂಡೆ ಕಾಲುವೆ. ಆದರೂ ಆ ಶಬ್ದವನ್ನು ಬಿಡಿಸಿ ನೋಡಿದರೆ ಅದು ನಮ್ಮ ಹೊಳೆಯ ದಂಡೆಗೇ ನಮ್ಮನ್ನು ಕರೆತಂದು ನಿಲ್ಲಿಸುತ್ತದೆ. ಆ ದಾರಿಯನ್ನು ತೋರಿಸುವುದಷ್ಟೇ ನನ್ನ ಉದ್ದೇಶ.

ನಾರ್ವೆಯವರ ಉಚ್ಚಾರವನ್ನು ಕೇಳಿದ ಕನ್ನಡದ ಕಿವಿಗೆ ಮೊದಲು ನೆನಪಾಗುವುದು ಹಾವು. ಈ ಹೋಲಿಕೆ ಕೇವಲ ಆಕಸ್ಮಿಕ. ಎರಡು ಭಾಷೆಗಳ ಎರಡು ಶಬ್ದಗಳು ಕೇಳಲು ಒಂದೇ ತೆರನಾಗಿವೆ ಎಂಬುದರಿಂದ ಅವು ದಾಯಾದಿಗಳೆಂದು ಹೇಳಲಾಗದು. ಅವರ ‘ಹಾವ್’ ಎಂದರೆ ಕಡಲು, ಮಹಾಸಾಗರ. ಇನ್ನು ‘ಫ್ರೂಎ’ ಎಂಬ ಉತ್ತರಾರ್ಧದಲ್ಲಿಯೇ ನಮ್ಮ ಕಥೆಯೆಲ್ಲ ಅಡಗಿದೆ. ಫ್ರೂಎ ಎಂದರೆ ಗೃಹಿಣಿ, ಯಜಮಾನಿ, ಮದುವೆಯಾದ ಮಾನ್ಯ ಹೆಂಗಸು. ಇದರ ಮೊಟಕು ರೂಪವಾದ ‘ಫ್ರೂ’ ಎಂಬುದನ್ನು ಡೇನರು ವಿವಾಹಿತ ಸ್ತ್ರೀಯರ ಹೆಸರಿನ ಹಿಂದೆ, ನಾವು ‘ಶ್ರೀಮತಿ’ ಎಂದು ಸೇರಿಸುವಂತೆ ಸೇರಿಸುತ್ತ ಬಂದವರು. ಮನೆಯ ಯಜಮಾನಿ ‘ಹೂಸ್‌ಫ್ರೂಎ’. ಹಾಗಾದರೆ ಕಡಲಿನ ಯಜಮಾನಿ ಹಾವ್‌ಫ್ರೂಎ.

ಈ ಫ್ರೂಎ ಶಬ್ದ ಡೇನರಿಗೆ ಉತ್ತರ ಜರ್ಮನಿಯ ವರ್ತಕರ ಭಾಷೆಯಿಂದ ಬಂದದ್ದು. ಇಂದಿನ ಜರ್ಮನರ ‘ಫ್ರಾವ್’ ಇದರ ಒಡಹುಟ್ಟು. ಇನ್ನೂ ಹಿಂದಕ್ಕೆ ಹೋದರೆ, ಒಡೆಯ ಎಂಬ ಅರ್ಥದ ಹಳೆಯದೊಂದು ಜರ್ಮಾನಿಕ್ ಶಬ್ದದ ಸ್ತ್ರೀಲಿಂಗ ರೂಪವಾಗಿ ಅದು ಕಾಣಸಿಗುತ್ತದೆ. ಉತ್ತರದ ಪುರಾಣಗಳಲ್ಲಿ ಒಲವಿಗೂ ಸಮೃದ್ಧಿಗೂ ಅಧಿದೇವತೆಯಾದ ಫ್ರೇಯಾ ಎಂಬವಳ ಹೆಸರು ಕೂಡ ಇದೇ ಬೇರಿನದು. ಅದರ ಅರ್ಥವೂ ಒಡತಿ ಎಂದೇ. ನಮ್ಮಲ್ಲಿ ಒಡೆಯ ಎಂಬುದಕ್ಕೆ ಒಡತಿ ಎಂಬ ಸ್ತ್ರೀರೂಪ ಹೇಗೋ ಅವರಲ್ಲಿಯೂ ಹಾಗೆ. ಆದ್ದರಿಂದ ಈ ಶಬ್ದವನ್ನು ಕನ್ನಡಿಸಬೇಕಾದರೆ ನಮಗೆ ದೂರ ಹುಡುಕಬೇಕಾದ ಅಗತ್ಯವೇ ಇಲ್ಲ. ‘ಕಡಲೊಡತಿ’ ಎಂದರೆ ಸಾಕು. ಅಳತೆ ಹಿಡಿದು ಹೊಲಿದಂತೆ ಕೂಡುತ್ತದೆ.

ಆದರೆ ನಾವು ಹಾಗೆನ್ನಲಿಲ್ಲ. ‘ಮತ್ಸ್ಯಕನ್ಯೆ’ ಎಂದೆವು. ಇದಕ್ಕೆ ಕಾರಣವೂ ಸ್ಪಷ್ಟವಾಗಿಯೇ ಇದೆ. ಈ ಕಥೆಗಳು ನಮಗೆ ಬಹುಮಟ್ಟಿಗೆ ಬಂದದ್ದು ಇಂಗ್ಲಿಷಿನ ಮೂಲಕ. ಇಂಗ್ಲಿಷಿನ ‘ಮರ್ಮೇಡ್’ ಎಂಬಲ್ಲಿ ‘ಮರ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಕಡಲು. ‘ಮೇಡ್’ ಎಂದರೆ ಕನ್ನೆ. ಜರ್ಮನರು ಮತ್ತು ಸ್ವೀಡನ್ನಿನವರು ಸಾಮಾನ್ಯವಾಗಿ ಬಳಸುವ ಶಬ್ದಗಳಲ್ಲಿಯೂ ಕನ್ನೆ ಎಂಬ ಅರ್ಥವೇ ಇದೆ. ಡೇನರ ಬಳಿ ಕನ್ನೆಗೆ ಶಬ್ದವಿರಲಿಲ್ಲವೇ ಎಂದರೆ, ಇತ್ತು. ‘ಯೋಮ್‌ಫ್ರೂ’ ಎಂಬುದು ಅವರ ಭಾಷೆಯಲ್ಲಿ ಕನ್ನೆಗೆ ನಿಂತ ಶಬ್ದ. ಕ್ರಿಸ್ತನ ತಾಯಿ ಕನ್ಯಾಮರಿಯಳನ್ನು ಅವರು ಕರೆಯುವುದು ಹಾಗೆಯೇ. ಕೈಗೆಟಕುವ ಹಾಗೆ ಆ ಶಬ್ದವಿದ್ದರೂ ಕಡಲಿನವಳಿಗೆ ಅವರ ಬಳಕೆಯಲ್ಲಿ ನೆಲೆನಿಂತದ್ದು ಒಡತಿಯ ಪಟ್ಟವೇ. ಇಂಗ್ಲಿಷಿನಲ್ಲಿ ಕೂಡ ಒಂದು ಕಾಲಕ್ಕೆ ಹೀಗೆಯೇ ಇತ್ತೆಂಬುದು ಗಮನಾರ್ಹ. ‘ಬೇವುಲ್ಫ್’ ಎಂಬ ಪ್ರಾಚೀನ ಕಾವ್ಯದಲ್ಲಿ ನೀರಿನಡಿಯ ಗುಹೆಯಲ್ಲಿ ವಾಸಿಸುವ ಘೋರ ಸ್ತ್ರೀಯೊಬ್ಬಳನ್ನು ‘ಮೆರೆವೀಫ್’ ಎಂದು ಕರೆದಿದೆ. ವೀಫ್ ಎಂದರೆ ಹೆಂಗಸು. ಇಂದಿನ ‘ವೈಫ್’ ಹುಟ್ಟಿದ್ದು ಅದರಿಂದ. ಆ ಕಡಲಹೆಂಗಸು ಹೋಗಿ, ಮಧ್ಯಯುಗದ ಹೊತ್ತಿಗೆ ಅವಳ ಜಾಗದಲ್ಲಿ ಕಡಲಕನ್ನೆ ಬಂದು ಕುಳಿತಳು.

ಕಡಲಿನಲ್ಲಿ ಬದುಕುವ ಅರೆಮೀನು ಅರೆಹೆಣ್ಣಾದ ಒಂದು ಜೀವಿಗೆ ಒಡತಿ ಎಂಬ ಗೌರವ ಏಕೆ? ಇದನ್ನು ತಿಳಿಯಲು ನಾರ್ವೆಯ ಹಳೆಯ ಗ್ರಂಥವೊಂದರತ್ತ ನೋಡಬೇಕು. ಹದಿಮೂರನೆಯ ಶತಮಾನದ ಮಧ್ಯಭಾಗದಲ್ಲಿ ಅಲ್ಲಿ ‘ರಾಜದರ್ಪಣ’ ಎಂಬ ಅರ್ಥದ ಹೆಸರುಳ್ಳ ಒಂದು ಪುಸ್ತಕ ರಚಿತವಾಯಿತು. ತಂದೆ ಮಗನಿಗೆ ಲೋಕಜ್ಞಾನವನ್ನು ತಿಳಿಸುವ ಸಂಭಾಷಣೆಯ ರೂಪದಲ್ಲಿದೆ ಅದು. ಗ್ರೀನ್‌ಲ್ಯಾಂಡಿನ ಕಡಲಿನ ವಿಷಯ ಬಂದಾಗ ತಂದೆ ಇಂಥದೊಂದು ಜೀವಿಯನ್ನು ವರ್ಣಿಸುತ್ತಾನೆ: ಸೊಂಟದಿಂದ ಮೇಲೆ ಹೆಣ್ಣು, ಕೆಳಗೆ ಮೀನು, ದೊಡ್ಡ ಕೈಗಳು, ಬೆರಳುಗಳ ನಡುವೆ ಬಾತುಕೋಳಿಯ ಕಾಲಿನಂತೆ ಪೊರೆ. ಬಿರುಗಾಳಿಗೆ ಮುನ್ನ ಕಾಣಿಸಿಕೊಳ್ಳುವ ಅವಳ ಕೈಯಲ್ಲಿ ಮೀನುಗಳಿರುತ್ತವೆ. ಅವನ್ನು ಹಡಗಿನ ಕಡೆಗೆ ಎಸೆದರೆ ಸಾವು ಕಾದಿದೆಯೆಂದು ನಾವಿಕರು ನಡುಗುತ್ತಾರೆ. ತಾನೇ ತಿಂದರೆ, ಇಲ್ಲವೆ ಹಡಗಿನಿಂದ ಆಚೆಗೆ ಎಸೆದರೆ, ಬದುಕಿ ಉಳಿಯುವ ಆಸೆ ಇದೆ. ಈ ಜೀವಿಗೆ ಆ ಗ್ರಂಥ ಕೊಡುವ ಹೆಸರು ಕಡಲ ರಕ್ಕಸಿ ಎಂಬರ್ಥದ್ದು.

ಅಂದಮೇಲೆ ರಕ್ಕಸಿಯಾಗಿದ್ದವಳ ಹೆಸರು ಮುಂದೆ ಒಡತಿ ಎಂದಾಯಿತು. ಇದು ಕನ್ನಡಿಗರಾದ ನಮಗೆ ಅರ್ಥವಾಗದ ಸಂಗತಿಯೇನಲ್ಲ. ಸಿಡುಬು ಊರೂರುಗಳನ್ನು ಬರಿದುಮಾಡುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ರೋಗದ ಹೆಸರನ್ನು ಹೇಳದೆ ‘ಅಮ್ಮ ಬಂದಿದ್ದಾಳೆ’ ಎಂದರು. ಕತ್ತಲಾದ ಮೇಲೆ ಹಾವಿನ ಹೆಸರೆತ್ತದೆ ‘ಹುಳ’ ಎನ್ನುವವರು ಇಂದಿಗೂ ಇದ್ದಾರೆ. ಯಾವುದು ನಮ್ಮನ್ನು ಉಳಿಸಲೂ ಅಳಿಸಲೂ ಬಲ್ಲುದೋ ಅದನ್ನು ಮರ್ಯಾದೆಯಿಂದ ಕರೆಯಬೇಕೆಂಬುದು ಬಡವರ, ಬೇಸಾಯಗಾರರ, ಮೀನುಗಾರರ ಲೋಕನೀತಿ. ಕೇರಳದ ಬೆಸ್ತರು ಕಡಲನ್ನೇ ‘ಕಡಲಮ್ಮ’ ಎನ್ನುತ್ತಾರೆ. ತಕಳಿ ಶಿವಶಂಕರ ಪಿಳ್ಳೆಯವರು 1956ರಲ್ಲಿ ಪ್ರಕಟಿಸಿದ ‘ಚೆಮ್ಮೀನ್’ ಕಾದಂಬರಿ ನಿಂತಿರುವುದು ಆ ಅಮ್ಮನ ಮುನಿಸಿನ ಭಯದ ಮೇಲೆ. ನಾರ್ವೆಯ ಬೆಸ್ತನು ಕಡಲಿನವಳನ್ನು ಫ್ರೂಎ ಎಂದು ಕರೆದದ್ದರ ಹಿಂದೆಯೂ ಇಂಥದೇ ಮನಸ್ಸಿದೆ ಎಂದು ನನಗೆ ತೋರುತ್ತದೆ.

ಜನಪದರ ಕಥೆಗಳಲ್ಲಿ ಈ ಒಡತಿಗೆ ಒಡೆತನದ ಲಕ್ಷಣಗಳೆಲ್ಲ ಇವೆ. ಬೆಳಗಿನ ತೆಳುಮಂಜಿನಲ್ಲಿ ನೀರಿನ ಮೇಲೆ ಕುಳಿತು ಹೊನ್ನಿನ ಹಣಿಗೆಯಿಂದ ಹೊಂಗೂದಲನ್ನು ಬಾಚಿಕೊಳ್ಳುವುದಷ್ಟೇ ಅವಳ ಕೆಲಸವಲ್ಲ. ಹಿಮದಂತೆ ಬೆಳ್ಳಗಿರುವ ತನ್ನ ದನಗಳನ್ನು ಅವಳು ಕಡಲಿನಿಂದ ಮೇಲಕ್ಕೆ ಹೊಡೆದುಕೊಂಡು ಬಂದು ದಂಡೆಯ ಹುಲ್ಲಿನಲ್ಲಿ ಮೇಯಿಸುತ್ತಾಳೆ. ದನಕರುಗಳನ್ನು ಕಟ್ಟಿಕೊಂಡವಳು, ಮನೆವಾರ್ತೆ ಉಳ್ಳವಳು. ಅವಳಿಗೆ ಭವಿಷ್ಯವೂ ತಿಳಿದಿದೆ. ರಾಜನಿಗೆ ಸೆರೆಸಿಕ್ಕ ಕಡಲೊಡತಿಯು ರಾಣಿಗೆ ಅವಳ ಮಕ್ಕಳನ್ನೂ ಅವಳ ಮರಣವನ್ನೂ ಮುಂಗಂಡು ಹೇಳುವ ಪ್ರಸಂಗ ಡೇನರ ಹಳೆಯ ಲಾವಣಿಯೊಂದರಲ್ಲಿದೆ. ಸೆರೆಯಲ್ಲಿದ್ದರೂ ಮಾತಿನಲ್ಲಿ ಅವಳದೇ ಮೇಲುಗೈ.

ಈಗ ಹಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ನನ ಕಥೆಗೆ ಬರೋಣ. 1805ರಲ್ಲಿ ಓಡೆನ್ಸ ಎಂಬ ಊರಿನಲ್ಲಿ ಒಬ್ಬ ಬಡ ಚಮ್ಮಾರನ ಮಗನಾಗಿ ಹುಟ್ಟಿದ ಆ್ಯಂಡರ್ಸನ್ 1837ರ ಏಪ್ರಿಲ್ ತಿಂಗಳಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ ಎರಡು ಕಥೆಗಳಿದ್ದವು. ಒಂದು ಚಕ್ರವರ್ತಿಯ ಹೊಸ ಬಟ್ಟೆಯದು. ಇನ್ನೊಂದು ನಾವು ‘ಪುಟ್ಟ ಮತ್ಸ್ಯಕನ್ಯೆ’ ಎಂದು ಓದುವ ಕಥೆ. ಮೂಲದ ಹೆಸರನ್ನು ಇದ್ದಂತೆ ಕನ್ನಡಕ್ಕೆ ತಂದರೆ ‘ಪುಟ್ಟ ಕಡಲೊಡತಿ’ ಎಂದಾಗುತ್ತದೆ. ಕೇಳಿ ನೋಡಿ: ‘ಪುಟ್ಟ ಮತ್ಸ್ಯಕನ್ಯೆ’ ಎಂಬಲ್ಲಿ ಎರಡು ಶಬ್ದಗಳಿಗೂ ಜಗಳವಿಲ್ಲ, ಕನ್ಯೆ ಪುಟ್ಟವಳಾಗಿರುವುದು ಸಹಜವೇ. ‘ಪುಟ್ಟ ಒಡತಿ’ ಎಂದೊಡನೆ ಒಂದು ಬಿಕ್ಕಟ್ಟು ಹುಟ್ಟುತ್ತದೆ. ಇನ್ನೂ ಒಡತಿಯಾಗದ ಬಾಲೆ ಒಡತಿಯೆಂಬ ಹೆಸರನ್ನು ಹೊತ್ತಿದ್ದಾಳೆ. ಹೆಸರು ಬಂದಿದೆ, ಪದವಿ ಬಂದಿಲ್ಲ.

ಕಥೆಯಲ್ಲಿ ನಡೆಯುವುದೂ ಅದೇ. ಕಡಲರಸನ ಆರು ಹೆಣ್ಣುಮಕ್ಕಳಲ್ಲಿ ಅವಳು ಕಿರಿಯವಳು. ತಾಯಿ ಇಲ್ಲ, ಅರಸನ ಮುದಿತಾಯಿ ಮನೆವಾರ್ತೆ ನೋಡಿಕೊಳ್ಳುತ್ತಾಳೆ. ಹದಿನೈದು ತುಂಬಿದ ದಿನ ಮೊಮ್ಮಗಳನ್ನು ಮೇಲಿನ ಲೋಕ ನೋಡಲು ಕಳುಹಿಸುವಾಗ ಅಜ್ಜಿ ಅವಳ ಬಾಲಕ್ಕೆ ಎಂಟು ದೊಡ್ಡ ಸಿಂಪಿಗಳನ್ನು ಕಚ್ಚಿಸುತ್ತಾಳೆ. ಅದು ಮನೆತನದ ಗುರುತು; ಅಜ್ಜಿಯ ಬಾಲದಲ್ಲಿ ಹನ್ನೆರಡು, ಇತರ ಗಣ್ಯರಿಗೆ ಆರೇ ಆರು. ನೋವಾಗುತ್ತದೆಂದು ಮೊಮ್ಮಗಳು ಹೇಳಿದರೆ, ಅಂತಸ್ತಿಗಾಗಿ ನೋವನ್ನು ತಾಳಿಕೊಳ್ಳಬೇಕೆಂದು ಅಜ್ಜಿಯ ಉತ್ತರ. ಮುಂದೆ ಆ ಹುಡುಗಿ ತಾನು ಉಳಿಸಿದ ರಾಜಕುಮಾರನಿಗಾಗಿ ಮನೆಯನ್ನು ಬಿಟ್ಟು, ನಾಲಗೆಯನ್ನು ಮಾಟಗಾತಿಗೆ ಒಪ್ಪಿಸಿ, ಹೆಜ್ಜೆಯಿಟ್ಟಲ್ಲೆಲ್ಲ ಕತ್ತಿಯ ಅಲಗನ್ನು ತುಳಿದಂತೆ ನೋಯುವ ಕಾಲುಗಳನ್ನು ಪಡೆಯುತ್ತಾಳೆ. ಕಡಲಿನವರಿಗೆ ಮುನ್ನೂರು ವರ್ಷದ ಆಯುಸ್ಸು. ಆಮೇಲೆ ಅವರು ನೊರೆ. ಅವರಿಗೆ ಅಳಿಯದ ಆತ್ಮವಿಲ್ಲ. ಮನುಷ್ಯನೊಬ್ಬ ಅವಳನ್ನು ಮನಸಾರೆ ಒಲಿದು, ಪಾದ್ರಿಯ ಸಮಕ್ಷಮದಲ್ಲಿ ಕೈಹಿಡಿದರೆ ಮಾತ್ರ ಅವನ ಆತ್ಮದ ಪಾಲು ಅವಳಿಗೂ ಬಂದೀತು. ಹುಟ್ಟಿನಿಂದಲೇ ಫ್ರೂಎ ಎಂಬ ಹೆಸರಿದ್ದವಳು ನೆಲದ ಮೇಲೆ ಒಬ್ಬನ ಫ್ರೂ ಆಗಬೇಕು. ಅದೊಂದು ಅವಳಿಂದ ಆಗಲಿಲ್ಲ. ರಾಜಕುಮಾರ ಬೇರೊಬ್ಬಳ ಕೈಹಿಡಿದ. ಅವನನ್ನು ಕೊಂದು ತಾನು ಉಳಿಯಬಹುದಾಗಿದ್ದರೂ ಕತ್ತಿಯನ್ನು ಅಲೆಗಳಿಗೆಸೆದು ಅವಳು ನೊರೆಯಾಗಲು ಒಪ್ಪಿದಳು. ಕೊನೆಗೆ ಆ್ಯಂಡರ್ಸನ್ ಅವಳನ್ನು ಗಾಳಿಯ ಮಕ್ಕಳ ಜೊತೆಗೆ ಸೇರಿಸಿ, ಸ್ವಂತ ಸತ್ಕಾರ್ಯದಿಂದಲೇ ಆತ್ಮವನ್ನು ಗಳಿಸುವ ದಾರಿಯನ್ನು ತೋರಿಸಿದ. ಹೆಸರಿನೊಳಗಿನ ‘ಒಡತಿ’ಯನ್ನು ಕಳೆದುಕೊಂಡ ಅನುವಾದದಲ್ಲಿ ಈ ವ್ಯಂಗ್ಯದ ಮುಳ್ಳೇ ಮುರಿದುಹೋಗುತ್ತದೆ. ಉಳಿಯುವುದು ಒಂದು ಭಗ್ನಪ್ರೇಮದ ಕಥೆ.

ಕೋಪನ್‌ಹೇಗನ್ ಬಂದರಿನ ಬಂಡೆಯ ಮೇಲೆ 1913ರಿಂದ ಕುಳಿತಿರುವ ಅವಳ ಕಂಚಿನ ಪ್ರತಿಮೆ ಲೋಕಪ್ರಸಿದ್ಧ. ಎಡ್ವರ್ಡ್ ಎರಿಕ್ಸೆನ್ ಎಂಬ ಶಿಲ್ಪಿ ಮಾಡಿದ ಅದರ ಎತ್ತರ ಕೇವಲ 1.25 ಮೀಟರ್. 1964ರಲ್ಲಿಯೂ 1998ರಲ್ಲಿಯೂ ದುಷ್ಕರ್ಮಿಗಳು ಅದರ ತಲೆಯನ್ನೇ ಕೊಯ್ದೊಯ್ದರು. ನಗರದವರು ಮತ್ತೆ ತಲೆಯನ್ನಿಟ್ಟು ನಿಲ್ಲಿಸಿದರು. ಕಡಲಿಗೆ ಬೆನ್ನು ಕೊಡಲಾರದೆ, ನೆಲವನ್ನು ಸೇರಲಾರದೆ ಕುಳಿತ ಆ ಮೂರ್ತಿಗೆ ‘ಪುಟ್ಟ ಒಡತಿ’ ಎಂಬ ಹೆಸರೇ ಒಪ್ಪುತ್ತದೆ.

ಇಷ್ಟಾಗಿಯೂ ಕನ್ಯೆ ಎಂಬ ಶಬ್ದದ ಮೇಲೆ ನನಗೆ ಮುನಿಸಿಲ್ಲ. ನಮ್ಮ ನೆರೆಯ ತೆಲುಗಿನಲ್ಲಿಯೂ ಅವಳು ಕನ್ಯೆಯೇ. ತುಂಗಭದ್ರೆಯ ಕಾಲುವೆ ಹರಿದ ಮೇಲೆ ಆಂಧ್ರದಿಂದ ಬಂದು ನೆಲೆಸಿದ ಬೇಸಾಯಗಾರರ ತೆಲುಗು ನಮ್ಮ ಶ್ರೀರಾಮನಗರದ ಬೀದಿಗಳಲ್ಲಿ ಕನ್ನಡದೊಡನೆ ಬೆರೆತು ಕೇಳಿಸುತ್ತದೆ. 1996ರಲ್ಲಿ ಮಂಗಳೂರು ಮೂಲದ ಶಿಲ್ಪಾ ಶೆಟ್ಟಿ ಇಂಥ ಪಾತ್ರವನ್ನು ವಹಿಸಿದ ತೆಲುಗು ಚಿತ್ರದ ಹೆಸರಿನಲ್ಲಿ ಇದ್ದದ್ದು ‘ಸಾಗರಕನ್ಯ’. ಸಂಸ್ಕೃತದ ಬಲದಿಂದ ಕಟ್ಟಿದ ಈ ಶಬ್ದಗಳು ಕಿವಿಗೆ ಇಂಪಾಗಿವೆ, ಜನರ ಬಾಯಲ್ಲಿ ನಿಂತಿವೆ. ಆದರೆ ಇವನ್ನು ಕಂಡು ನಮ್ಮ ಪರಂಪರೆಗೆ ನೀರಿನ ಕನ್ಯೆ ಮಾತ್ರ ಗೊತ್ತು, ನೀರಿನ ಒಡತಿ ಗೊತ್ತಿಲ್ಲ ಎಂದು ಯಾರೂ ತಿಳಿಯಬಾರದು.

ಮಹಾಭಾರತದ ಸತ್ಯವತಿಯನ್ನು ನೆನೆಯಿರಿ. ಶಾಪದಿಂದ ಮೀನಾಗಿದ್ದ ಅದ್ರಿಕೆ ಎಂಬ ಅಪ್ಸರೆಯ ಬಸಿರಿನಲ್ಲಿ ಬೆಸ್ತರಿಗೆ ದೊರೆತ ಕೂಸು ಅವಳು. ಮೈಯಲ್ಲಿ ಮೀನಿನ ನಾತವಿದ್ದುದರಿಂದ ಮತ್ಸ್ಯಗಂಧಿ. ಯಮುನೆಯಲ್ಲಿ ದೋಣಿ ನಡೆಸುತ್ತಿದ್ದ ಅವಳು ಪರಾಶರನಿಂದ ವ್ಯಾಸನನ್ನು ಹಡೆದೂ ವರಬಲದಿಂದ ಕನ್ಯೆಯಾಗಿಯೇ ಉಳಿದಳು. ಮುಂದೆ ಶಂತನುವಿನ ಕೈಹಿಡಿದು ಹಸ್ತಿನಾವತಿಯ ಒಡತಿಯಾದಳು. ಮೀನಿನ ಮಗಳು ಕನ್ಯೆಯ ಹೊಸ್ತಿಲನ್ನು ದಾಟಿ ಗೃಹಿಣಿಯ ಪದವಿಗೆ ಏರಿದ ಕಥೆ ಇದು. ಆ್ಯಂಡರ್ಸನ್ನನ ಬಾಲೆ ತಲುಪಲಾರದ ದಡವನ್ನು ಇವಳು ತಲುಪಿದಳು. ತಲುಪಿದ ಮೇಲೆ ಸುಖಪಟ್ಟಳೇ ಎಂಬುದು ಬೇರೆ ಮಾತು.

ನಮ್ಮ ತಾಲ್ಲೂಕಿನ ಅಂಜನಾದ್ರಿ ಬೆಟ್ಟವನ್ನು ಹನುಮಂತನ ಜನ್ಮಸ್ಥಳವೆಂದು ಭಕ್ತರು ನಂಬುತ್ತಾರೆ. ವಾಲ್ಮೀಕಿಯಲ್ಲಿ ಇಲ್ಲದ ಒಂದು ಕಥೆ ಹನುಮಂತನನ್ನು ಕುರಿತು ದೇಶದಲ್ಲೆಲ್ಲ ಹಬ್ಬಿದೆ: ಅವನ ಬೆವರಿನ ಹನಿಯನ್ನು ನುಂಗಿದ ಜಲಚರವೊಂದು ಮಕರಧ್ವಜನೆಂಬ ಮಗನನ್ನು ಹಡೆಯಿತು ಎಂಬುದು. ಇದೇ ಕಥೆ ಥಾಯ್ ದೇಶದ ರಾಮಾಯಣವಾದ ‘ರಾಮಕಿಯನ್’ನಲ್ಲಿ ಮತ್ತೊಂದು ರೂಪ ತಾಳಿದೆ. ಅಲ್ಲಿ ಸೇತುವೆಯ ಕಲ್ಲುಗಳನ್ನು ಕದ್ದೊಯ್ಯಲು ಬಂದ ರಾವಣನ ಮಗಳು ಅರೆಮೀನು ಅರೆಹೆಣ್ಣು. ಹನುಮಂತ ಅವಳಿಗೆ ಮನಸೋಲುತ್ತಾನೆ. ಅವಳ ಹೆಸರು ಸುವಣ್ಣಮಚ್ಛಾ, ಎಂದರೆ ನಮ್ಮ ಸುವರ್ಣಮತ್ಸ್ಯ. ಆ ಹೆಸರಿನಲ್ಲಿ ಕನ್ಯೆಯೂ ಇಲ್ಲ, ಒಡತಿಯೂ ಇಲ್ಲ; ಹೊನ್ನಿನ ಮೀನು ಇದೆ, ಅಷ್ಟೆ. ಡೇನರು ಅವಳಲ್ಲಿ ಅಧಿಕಾರವನ್ನು ಕಂಡರು, ಇಂಗ್ಲಿಷರು ಎಳೆಹರೆಯವನ್ನು ಕಂಡರು, ಥಾಯ್ ಜನ ಹೊಳಪನ್ನು ಕಂಡರು. ಒಂದೇ ಬಗೆಯ ಜೀವಿಗೆ ಮೂರು ಹೆಸರು. ಮೂರು ಕಡೆಯ ಮನಸ್ಸು.

ಹೊಳೆಯಾಚೆಯ ಹಂಪೆಗೆ ಹೋದರೆ ಈ ವಿಚಾರ ಇನ್ನೂ ನಿಚ್ಚಳವಾಗುತ್ತದೆ. ತುಂಗಭದ್ರೆಯ ಹಳೆಯ ಹೆಸರು ಪಂಪೆ. ಹಂಪೆ ಎಂಬುದು ಅದರಿಂದಲೇ ಆದದ್ದು. ಆ ಪಂಪೆ ಕನ್ನೆಯಾಗಿ ತಪಸ್ಸು ಮಾಡಿ ವಿರೂಪಾಕ್ಷನನ್ನು ಒಲಿಸಿಕೊಂಡಳೆಂಬುದು ಸ್ಥಳಪುರಾಣ. ವರ್ಷವರ್ಷವೂ ಮಾರ್ಗಶಿರದ ಸುಮಾರಿಗೆ ಫಲಪೂಜೆ ಎಂಬ ಹೆಸರಿನಲ್ಲಿ ಅವಳ ನಿಶ್ಚಿತಾರ್ಥ. ಚೈತ್ರದಲ್ಲಿ ಕಲ್ಯಾಣ ಮತ್ತು ತೇರು. ನೀರಿನ ಹೆಸರುಳ್ಳ ಕನ್ನೆಯೊಬ್ಬಳು ಊರೆಲ್ಲ ನೋಡುತ್ತಿರುವಂತೆ ಮದುವೆಯಾಗಿ ಒಡತಿಯಾಗುವ ಕಾರ್ಯ ಅಲ್ಲಿ ಪ್ರತಿವರ್ಷವೂ ನಡೆಯುತ್ತ ಬಂದಿದೆ.

ಜಲಾಶಯ ತುಂಬಿದಾಗ ನಾವು ಹೊಳೆಗೆ ಬಾಗಿನ ಕೊಡುತ್ತೇವೆ. ಮೊರದಲ್ಲಿ ಅರಿಸಿನ, ಕುಂಕುಮ, ಬಳೆ, ಕರಿಮಣಿ, ರವಿಕೆಯ ಕಣ, ಧಾನ್ಯ. ಇದನ್ನು ಕನ್ನೆಗೆ ಕೊಡುವ ರೂಢಿಯಿಲ್ಲ; ಇದು ಮುತ್ತೈದೆಗೆ ಸಲ್ಲುವ ಮರ್ಯಾದೆ. ಬಾಗಿನ ಕೊಡುವ ಕೈಗೆ ಹೊಳೆ ಯಾರೆಂಬುದು ಚೆನ್ನಾಗಿ ಗೊತ್ತಿದೆ. ಅವಳು ಮನೆವಾರ್ತೆ ನಡೆಸುವವಳು, ಉಣಬಡಿಸುವವಳು, ಮುನಿದರೆ ಎದ್ದುಹೋಗುವವಳು. 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟೆಗೆ 33 ತೂಬುಬಾಗಿಲುಗಳಿವೆ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಬಾಗಿಲಿನ ಸರಪಳಿ ಕಡಿದು, ಬಾಗಿಲು ಕೊಚ್ಚಿಹೋಗಿ, ತುಂಬಿದ ನೀರು ಹೊಳೆಯ ಪಾಲಾಗತೊಡಗಿತು. ನಾಟಿಯ ಹೊತ್ತು. ಶ್ರೀರಾಮನಗರ, ಕಾರಟಗಿ, ಸಿಂಧನೂರುಗಳ ಬತ್ತದ ಬದುಕೆಲ್ಲ ಆ ಒಂದು ಕಂಡಿಯಲ್ಲಿ ಸೋರಿಹೋಗುವಂತೆ ಕಂಡಿತು. ಒಂದು ವಾರದ ಹೆಣಗಾಟದ ಬಳಿಕ ಹರಿಯುವ ನೀರಿನ ನಡುವೆಯೇ ಉಕ್ಕಿನ ಹಲಗೆಗಳನ್ನು ಇಳಿಸಿ ಆ ಕಂಡಿಯನ್ನು ಮುಚ್ಚಿದರು. ಮಳೆಯ ಕೃಪೆಯಿಂದ ಜಲಾಶಯ ಮತ್ತೆ ತುಂಬಿತು. ಸೆಪ್ಟೆಂಬರಿನಲ್ಲಿ ಬಾಗಿನವೂ ಸಂದಿತು. ಆ ಒಂದು ವಾರ ನಮ್ಮ ರೈತನಿಗೆ ಇದ್ದ ದಿಗಿಲಿಗೂ, ಕಡಲಿನವಳ ಕೈಯಲ್ಲಿನ ಮೀನು ಯಾವ ಕಡೆಗೆ ಬೀಳುವುದೋ ಎಂದು ನೋಡುತ್ತಿದ್ದ ನಾವಿಕನ ದಿಗಿಲಿಗೂ ಹೆಚ್ಚಿನ ಅಂತರವಿಲ್ಲ. ಹಾವ್‌ಫ್ರೂಎ ಎಂಬ ಶಬ್ದದ ಅರ್ಥ ತಿಳಿಯಲು ಬೇಕಾದದ್ದು ಆ ದಿಗಿಲು, ಕಡಲಲ್ಲ.

ಆದಕಾರಣ ನನ್ನ ಅರಿಕೆ ಇಷ್ಟೆ. ಮತ್ಸ್ಯಕನ್ಯೆ ಎಂಬ ಶಬ್ದವನ್ನು ನಿಘಂಟಿನಿಂದ ತೆಗೆದುಹಾಕಬೇಕಾಗಿಲ್ಲ. ಅದು ತನ್ನ ಕೆಲಸ ಮಾಡಿಕೊಂಡಿರಲಿ. ಆದರೆ ಪರಭಾಷೆಯ ಒಂದು ಶಬ್ದ ಮತ್ತೊಂದು ಪರಭಾಷೆಯ ಅಂಗಳವನ್ನು ಹಾದು ನಮ್ಮ ಮನೆಗೆ ಬಂದಾಗ, ದಾರಿಯಲ್ಲಿ ಏನನ್ನು ಕಳೆದುಕೊಂಡು ಬಂದಿತು ಎಂದು ಒಮ್ಮೆ ವಿಚಾರಿಸುವುದು ಲೇಸು. ಕಳೆದುಹೋದ ವಸ್ತು ಎಷ್ಟೋ ಸಲ ನಮ್ಮ ಮನೆಯಲ್ಲಿಯೇ ಇರುತ್ತದೆ. ಇಲ್ಲಿ ಅದು ಇದ್ದದ್ದು ನಮ್ಮ ಹೆಂಗಸರು ಹೊಳೆಗಿಳಿದು ನೀರಿಗೆ ಬಿಡುವ ಮೊರದೊಳಗೆ. ಮುಂದೆ ಯಾರಾದರೂ ಆ್ಯಂಡರ್ಸನ್ನನ ಕಥೆಯನ್ನು ಹೊಸದಾಗಿ ಕನ್ನಡಿಸುವವರಿದ್ದರೆ, ಆ ಬಾಲೆಗೆ ಅವಳ ಹುಟ್ಟುಹೆಸರನ್ನು ಒಂದು ಸಲವಾದರೂ ಕೊಟ್ಟು ನೋಡಲಿ. ಒಡತಿಯಾಗಲಾರದೆ ಹೋದವಳನ್ನು ಒಡತಿಯೆಂದು ಕರೆದಾಗಲೇ ಅವಳ ದುಃಖದ ಆಳ ತಿಳಿಯುತ್ತದೆ.